‘ಇವರು ನನ್ನ ಡಾಕ್ಟರ್ ಅಲ್ಲ’: ಜಗಳ ಆಡ್ತಾನೇ ಒಂದು ಸೀರೀಸ್ ಉಳಿಸಿಕೊಂಡವರು

ಇವತ್ತಿನ ಮಾತು ‘ಡಾಕ್ಟರ್ ಹೂ’ ಬಗ್ಗೆ. ನಮ್ಮಲ್ಲಿ ಇದನ್ನ ನೋಡೋರು ಎರಡು ಥರ ಇದ್ದಾರೆ. ಡೇವಿಡ್ ಟೆನೆಂಟ್ ಕಾಲದಲ್ಲಿ ಶುರು ಮಾಡಿ ಅಲ್ಲೇ ನಿಂತುಬಿಟ್ಟವರು ಒಂದು ಥರ. ಎಲ್ಲವನ್ನೂ ನೋಡಿ, ಅದರಲ್ಲಿ ಅರ್ಧವನ್ನ ಬೈಯೋರು ಇನ್ನೊಂದು ಥರ. ಇವರಿಬ್ಬರು ಒಂದು ಕಡೆ ಸೇರಿದ್ರೆ ಹತ್ತೇ ನಿಮಿಷಕ್ಕೆ ಆ ಮಾತು ಬಂದೇ ಬರುತ್ತೆ: “ಇವರು ನನ್ನ ಡಾಕ್ಟರ್ ಅಲ್ಲ.” ಈ ಮಾತಿಗೆ ಏನು ಬೆಲೆ? ಒಂದು ಪಾತ್ರದ ಬಗ್ಗೆ ಹೀಗೆ ಹೇಳೋ ಹಕ್ಕು ನೋಡುಗನಿಗೆ ಇದೆಯಾ? ಇದೆ ಅನ್ನೋದು ನನ್ನ ವಾದ. ಈ ಜಗಳಗಂಟರು ಇಲ್ಲದಿದ್ರೆ ಈ ಸೀರೀಸೇ ಉಳೀತಿರಲಿಲ್ಲ. ಆದ್ರೆ ಎಲ್ಲ ಜಗಳಕ್ಕೂ ಆ ಯೋಗ್ಯತೆ ಇಲ್ಲ. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ನೋಡದವರಿಗೆ ಎರಡು ಮಾತಲ್ಲಿ ಕತೆ. ಬೇರೆ ಗ್ರಹದಿಂದ ಬಂದ, ‘ಡಾಕ್ಟರ್’ ಅಂತ ಮಾತ್ರ ಕರೆಸಿಕೊಳ್ಳೋ ಒಂದು ಜೀವ. ಹೊರಗಿಂದ ನೋಡಿದ್ರೆ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದ್ರೆ ಅರಮನೆಯಷ್ಟು ಜಾಗ ಇರೋ ಒಂದು ಕಾಲಯಂತ್ರ. ಜೊತೆಗೆ ಸಾಮಾನ್ಯವಾಗಿ ನಮ್ಮಂಥ ಒಬ್ಬ ಮನುಷ್ಯ. ಬಿಬಿಸಿ ಇದನ್ನ 1963ರ ನವೆಂಬರ್ 23ರಂದು ಶುರು ಮಾಡಿತು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಮಾರನೇ ದಿನ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ ಇಪ್ಪತ್ತೇಳು ವರ್ಷ. ಮೊದಲ ಕತೆ ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ, ಅವರಿಗೆ ಇಪ್ಪತ್ನಾಲ್ಕು. ಗಂಡಸರೇ ತುಂಬಿದ್ದ ಆ ಬಿಬಿಸಿಯಲ್ಲಿ ಒಬ್ಬ ಹೆಂಗಸು, ಒಬ್ಬ ಭಾರತೀಯ ಸೇರಿ ಹುಟ್ಟಿಸಿದ ಮಗು ಇದು.

ಮೂರು ವರ್ಷಕ್ಕೆ ಕಷ್ಟ ಬಂತು. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು, ಡೈಲಾಗ್ ನೆನಪಿಟ್ಟುಕೊಳ್ಳೋದೇ ಕಷ್ಟವಾಯಿತು. ಬೇರೆ ಯಾವುದೇ ಧಾರಾವಾಹಿ ಆಗಿದ್ರೆ ನಿಲ್ಲಿಸ್ತಿದ್ರು, ಇಲ್ಲಾ ಏನೂ ಆಗೇ ಇಲ್ಲ ಅನ್ನೋ ಹಾಗೆ ಬೇರೆ ನಟನನ್ನ ತಂದು ಕೂರಿಸ್ತಿದ್ರು. ಇವರು ಎರಡನ್ನೂ ಮಾಡಲಿಲ್ಲ. 1966ರ ಅಕ್ಟೋಬರ್‌ನಲ್ಲಿ, ‘ದ ಟೆಂತ್ ಪ್ಲಾನೆಟ್’ ಕತೆಯ ಕೊನೆಗೆ, ಮುದುಕ ಡಾಕ್ಟರ್ ನೆಲಕ್ಕೆ ಬೀಳ್ತಾರೆ, ಮುಖ ಬದಲಾಗುತ್ತೆ, ಅಲ್ಲಿ ಪ್ಯಾಟ್ರಿಕ್ ಟ್ರೌಟನ್ ಇರ್ತಾರೆ. ಇದಕ್ಕೆ ‘ರೀಜನರೇಶನ್’ ಅನ್ನೋ ಹೆಸರು ಬಂದಿದ್ದೂ ಎಂಟು ವರ್ಷ ಆದಮೇಲೆ, 1974ರಲ್ಲಿ.

ಕರಾವಳಿ ಕಡೆಯವರಿಗೆ ಈ ಅಭ್ಯಾಸ ಹೊಸದಲ್ಲ. ಕೌರವ ಒಬ್ಬನೇ, ಆದ್ರೆ ಇವತ್ತು ಒಬ್ಬ ಕಲಾವಿದ, ನಾಳೆ ಇನ್ನೊಬ್ಬ. ಯಾರ ಕೌರವ ದೊಡ್ಡದು ಅಂತ ಆಟ ಮುಗಿದ ಮೇಲೂ ವಾದ ಮುಗಿಯಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ವೇಷಧಾರಿ ಬದಲಾಗಿದ್ದು ಪ್ರಸಂಗದೊಳಗಿನ ಭಾನುಮತಿಗೆ ಗೊತ್ತಾಗಲ್ಲ. ಇಲ್ಲಿ ಡಾಕ್ಟರ್ ಜೊತೆಗಿರೋರಿಗೇ ಗೊತ್ತಾಗುತ್ತೆ. “ನೀನು ನಿಜವಾಗ್ಲೂ ಅವರೇನಾ?” ಅಂತ ಅವರೇ ಅನುಮಾನಪಡ್ತಾರೆ. ಅಂದ್ರೆ ಅಭಿಮಾನಿಯ ಜಗಳವನ್ನ ಕತೆಯೇ ಮೊದಲು ಆಡಿ ತೋರಿಸ್ತು. “ಇವರು ನನ್ನ ಡಾಕ್ಟರ್ ಅಲ್ಲ” ಅನ್ನೋ ಮಾತು ಈ ಸೀರೀಸಿಗೆ ಹೊರಗಿನದ್ದಲ್ಲ, ಒಳಗಿನದ್ದೇ.

ಈಗ ನಿಮ್ಮ ಕೆಲಸಕ್ಕೆ ಹತ್ತಿರದ ವಿಷಯ: ಬ್ಯಾಕಪ್. ಅರವತ್ತರ ದಶಕದಲ್ಲಿ ವಿಡಿಯೋ ಟೇಪ್ ದುಬಾರಿ. ಪ್ರಸಾರ ಆದಮೇಲೆ ಅಳಿಸಿ ಮತ್ತೆ ಬಳಸೋದು ರೂಢಿ. ಮನೆಯಲ್ಲಿ ವಿಡಿಯೋ ನೋಡೋ ಕಾಲ ಬರುತ್ತೆ ಅಂತ ಯಾರೂ ಎಣಿಸಿರಲಿಲ್ಲ, ಮರುಪ್ರಸಾರಕ್ಕೆ ನಟರ ಸಂಘದ ಒಪ್ಪಂದ ಅಡ್ಡ ಇತ್ತು, ಕಲರ್ ಬಂದಮೇಲೆ ಕಪ್ಪುಬಿಳುಪು ಯಾರಿಗೆ ಬೇಕು ಅನ್ನೋ ಯೋಚನೆ ಬೇರೆ. ಹೊರದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ ಹಕ್ಕಿನ ಅವಧಿ ಮುಗಿದಮೇಲೆ ಎಸೆದ್ರು. 1978ರ ಹೊತ್ತಿಗೆ ಇದು ನಿಂತಾಗ ತುಂಬಾ ತಡವಾಗಿತ್ತು. ಮೊದಲ ಆರು ವರ್ಷದ 253 ಕಂತುಗಳಲ್ಲಿ ದೊಡ್ಡ ಪಾಲು ಬಿಬಿಸಿ ಕೈಯಲ್ಲಿ ಇರಲಿಲ್ಲ. ಮುಖ ಬದಲಾದ ಆ ಮೊದಲ ಕಂತೂ ಅದರಲ್ಲೇ ಹೋಯಿತು. ಆ ದೃಶ್ಯದ ಒಂದು ತುಣುಕು ಇವತ್ತು ನಮಗೆ ಸಿಗೋದು, ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ 1973ರಲ್ಲಿ ಅದನ್ನ ಒಮ್ಮೆ ತೋರಿಸಿದ್ದರಿಂದ.

ಹಾಗಾದ್ರೆ ಉಳಿಸಿದ್ದು ಯಾರು? ಶನಿವಾರ ಸಂಜೆ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರು. ಕೆಲವರು ಮೈಕ್ ಹಿಡಿದ್ರು, ಕೆಲವರು ಟಿವಿಯಿಂದಲೇ ವೈರ್ ಎಳೆದ್ರು. ಒಂದು ಕತೆಯನ್ನ ಮತ್ತೆ ಕೇಳಬೇಕು ಅನ್ನೋದಷ್ಟೇ ಅವರ ಉದ್ದೇಶ. ಅವರ ದೆಸೆಯಿಂದ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇವತ್ತು ಉಳಿದಿದೆ. ಒಂದೂ ತಪ್ಪಿಲ್ಲ. 2006ರಿಂದ ಆ ಧ್ವನಿಗೆ ಅನಿಮೇಶನ್ ಸೇರಿಸಿ ಬಿಬಿಸಿಯೇ ಮಾರ್ತಾ ಇದೆ.

ಇನ್ನೊಂದು ತಮಾಷೆ ಕೇಳಿ. ಆಸ್ಟ್ರೇಲಿಯಾದ ಸೆನ್ಸಾರ್‌ನವರು ಮಕ್ಕಳು ಹೆದರ್ತಾರೆ ಅಂತ ಕೆಲವು ದೃಶ್ಯ ಕತ್ತರಿಸಿದ್ರು. ಪೂರ್ತಿ ಕಂತುಗಳು ನಾಶವಾದವು, ಕತ್ತರಿಸಿದ ತುಂಡುಗಳು ಸರ್ಕಾರಿ ದಫ್ತರದಲ್ಲಿ ಭದ್ರವಾಗಿದ್ದವು! 1996ರಲ್ಲಿ ಅದನ್ನ ಪತ್ತೆ ಮಾಡಿದವರೂ ಅಭಿಮಾನಿಗಳೇ. 2013ರಲ್ಲಿ ಫಿಲಿಪ್ ಮೋರಿಸ್ ಅನ್ನೋರು ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಿಂದ ಒಂಬತ್ತು ಕಂತು ಪತ್ತೆ ಮಾಡಿ ತಂದ ಸುದ್ದಿ ಬಂತು. ಕಳೆದುಹೋದವುಗಳ ಲೆಕ್ಕ 106ರಿಂದ 97ಕ್ಕೆ ಇಳಿಯಿತು. ಮಾಲೀಕ ಎಸೆದದ್ದನ್ನ ನೋಡುಗ ಎತ್ತಿಟ್ಟುಕೊಂಡ. ಹೀಗಿರುವಾಗ “ಇದು ನಿನ್ನದಲ್ಲ, ನೋಡಿ ಸುಮ್ಮನಿರು” ಅಂತ ಆ ನೋಡುಗನಿಗೆ ಹೇಳೋಕಾಗುತ್ತಾ?

1989ರಲ್ಲಿ ಸೀರೀಸೇ ನಿಂತುಹೋಯಿತು. 1996ರ ಒಂದು ಟಿವಿ ಸಿನಿಮಾ ಬಿಟ್ಟರೆ ಹದಿನಾರು ವರ್ಷ ಪರದೆ ಖಾಲಿ. ಆ ಹೊತ್ತಲ್ಲಿ ಅಭಿಮಾನಿಗಳು ಕಾದಂಬರಿ ಬರೆದ್ರು, 1999ರಿಂದ ‘ಬಿಗ್ ಫಿನಿಶ್’ ಅನ್ನೋ ಕಂಪನಿ ಹಳೇ ನಟರನ್ನೇ ಕರೆದು ಆಡಿಯೋ ನಾಟಕ ಮಾಡಿತು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ‘ಹ್ಯೂಮನ್ ನೇಚರ್’ ಕಾದಂಬರಿಯಲ್ಲಿ ಡಾಕ್ಟರ್ ತಾನು ಯಾರು ಅನ್ನೋದನ್ನೇ ಮರೆತು ಸಾಮಾನ್ಯ ಮನುಷ್ಯನಾಗಿ ಬದುಕ್ತಾರೆ, ಪ್ರೀತಿಸ್ತಾರೆ. ಇದೇ 2007ರಲ್ಲಿ ಟೆನೆಂಟ್ ಅಭಿನಯದಲ್ಲಿ ಟಿವಿಗೆ ಬಂತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದೇ ಅಚ್ಚುಮೆಚ್ಚಿನ ಕತೆ. 2005ರಲ್ಲಿ ಸೀರೀಸ್ ಮತ್ತೆ ಶುರು ಮಾಡಿದ ರಸೆಲ್ ಟಿ. ಡೇವೀಸ್ ಕೂಡ ಆ ಖಾಲಿ ಕಾಲದಲ್ಲಿ ಒಂದು ಡಾಕ್ಟರ್ ಹೂ ಕಾದಂಬರಿ ಬರೆದವರೇ. ಹದಿನೈದನೇ ವಯಸ್ಸಲ್ಲಿ, 1974ರಲ್ಲಿ, ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಅಭಿಮಾನದ ಓಲೆ ಬರೆದಿದ್ದ ಹುಡುಗ ಪೀಟರ್ ಕಪಾಲ್ಡಿ ಮುಂದೆ ಹನ್ನೆರಡನೇ ಡಾಕ್ಟರ್ ಆದ್ರು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಕ್ರಿಸ್ ಚಿಬ್ನಲ್ ಕತೆ. 1986ರಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಅಭಿಮಾನಿ ಸಂಘದ ಪರವಾಗಿ ಬಂದ ಒಬ್ಬ ಹುಡುಗ, ಆ ವರ್ಷದ ಕತೆ ಚೆನ್ನಾಗಿರಲಿಲ್ಲ ಅಂತ ಅದನ್ನ ಬರೆದವರ ಎದುರಿಗೇ ಹೇಳಿದ. ಅದೇ ಹುಡುಗ 2018ರಲ್ಲಿ ಸೀರೀಸಿನ ಚುಕ್ಕಾಣಿ ಹಿಡಿದ್ರು. ಜೋಡಿ ವಿಟ್ಟೇಕರ್ ಡಾಕ್ಟರ್ ಆಗಿದ್ದು ಅವರ ಕಾಲದಲ್ಲಿ. 2020ರ ‘ದ ಟೈಮ್‌ಲೆಸ್ ಚಿಲ್ಡ್ರನ್’ನಲ್ಲಿ ಡಾಕ್ಟರ್ ಹುಟ್ಟಿನ ಕತೆಯನ್ನೇ ಬದಲಾಯಿಸಿದಾಗ, ಒಂದು ಕಾಲಕ್ಕೆ ತಾನು ಆಡಿದ ಮಾತುಗಳ ನೂರು ಪಟ್ಟು ಅವರ ಮೇಲೇ ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತ ನಗಬಹುದು. ನನಗೆ ಕಾಣೋದು ಬೇರೆ. ಅವತ್ತು ಅಷ್ಟು ಸಿಟ್ಟು ಬರೋಷ್ಟು ಪ್ರೀತಿ ಇದ್ದಿದ್ದಕ್ಕೇ ಆತ ಅಲ್ಲಿವರೆಗೆ ಹೋದ.

ಜಗಳ ಪಾತ್ರಕ್ಕೂ ಒಳ್ಳೇದು ಮಾಡಿದೆ. ಸಾರಾ ಜೇನ್ ಸ್ಮಿತ್ ನೆನಪಿದೆಯಾ? ಎಲಿಸಬೆತ್ ಸ್ಲೇಡನ್ ಮಾಡಿದ ಪಾತ್ರ. 1976ರಲ್ಲಿ ಡಾಕ್ಟರ್ ಅವಳನ್ನ ಅವಳ ಊರು ಕ್ರಾಯ್ಡನ್ ಅಂತ ಹೇಳಿ ಇಳಿಸಿ ಹೊರಟುಹೋಗ್ತಾರೆ, ಅದು ಕ್ರಾಯ್ಡನ್ ಅಲ್ಲವೇ ಅಲ್ಲ. ಇಡೀ ಬ್ರಹ್ಮಾಂಡ ತೋರಿಸಿ ಯಾವುದೋ ಬೀದಿಯಲ್ಲಿ ಬಿಟ್ಟು ಹೋದ್ರೆ ಆ ಹುಡುಗಿ ಆಮೇಲೆ ಹೇಗೆ ಬದುಕಿದಳು? ಕತೆ ಅದನ್ನ ಕೇಳಲಿಲ್ಲ, ನೋಡಿದವರು ಕೇಳ್ತಾನೇ ಇದ್ರು. ಮೂವತ್ತು ವರ್ಷ ಆದಮೇಲೆ, 2006ರ ‘ಸ್ಕೂಲ್ ರಿಯೂನಿಯನ್’ನಲ್ಲಿ ಅವಳು ವಾಪಸ್ ಬಂದಳು. ನಾನು ಕಾದೆ, ನೀನು ಬರಲೇ ಇಲ್ಲ ಅನ್ನೋ ಆ ನೋವು ಅಲ್ಲಿ ಬಾಯಿಬಿಟ್ಟು ಬಂತು. ಅವತ್ತು ಇಳಿಸಿದ್ದು ಅಬರ್ಡೀನ್‌ನಲ್ಲಿ ಅಂತ ಲೆಕ್ಕವೂ ಚುಕ್ತಾ ಆಯಿತು! ಹೊರಟುಹೋಗೋರ ಕತೆ ಎಲ್ಲರೂ ಬರೀತಾರೆ. ಉಳಿದವರ ಕತೆ ಕೇಳಿದ್ದು ಅಭಿಮಾನಿ. ಊರು ಬಿಟ್ಟು ಬಂದ ನಮಗೆ ಆ ಕಂತು ಸ್ವಲ್ಪ ಹೆಚ್ಚೇ ಚುಚ್ಚುತ್ತೆ.

ಇನ್ನೊಂದು ಒಳ್ಳೇ ಜಗಳ: 2018ರ ‘ಡೀಮನ್ಸ್ ಆಫ್ ದ ಪಂಜಾಬ್’, ವಿನಯ್ ಪಟೇಲ್ ಬರೆದಿದ್ದು. 1947ರ ಆಗಸ್ಟ್, ದೇಶ ವಿಭಜನೆ. ಡಾಕ್ಟರ್ ಜೊತೆಗಿರೋ ಯಾಸ್ಮಿನ್ ಖಾನ್‌ಳ ಅಜ್ಜಿ ಉಂಬ್ರೀನ್ ಆಗ ಹುಡುಗಿ. ಪ್ರೇಮ್ ಅನ್ನೋ ಹಿಂದೂ ಹುಡುಗನನ್ನ ಮದುವೆ ಆಗ್ತಾಳೆ. ಗುಂಪು ಬರುತ್ತೆ, ಅದರಲ್ಲಿ ಅವನ ಸ್ವಂತ ತಮ್ಮನೇ ಇದ್ದಾನೆ. ಪ್ರೇಮ್ ಉಳಿದ್ರೆ ಮುಂದೆ ಯಾಸ್ಮಿನ್ ಹುಟ್ಟೋದೇ ಇಲ್ಲ. ಡಾಕ್ಟರ್ ತಡೆಯಲ್ಲ, ನಡೆದುಹೋಗ್ತಾರೆ, ಹಿಂದೆ ಗುಂಡಿನ ಸದ್ದು. “ನನ್ನ ಡಾಕ್ಟರ್ ಹೀಗೆ ಕೈಕಟ್ಟಿ ಬಿಡ್ತಿರಲಿಲ್ಲ” ಅಂತ ಕೆಲವರು. “ಬದಲಾಯಿಸೋಕೆ ಆಗದ ಕಡೆ ಕಣ್ಣು ತಪ್ಪಿಸದೆ ಸಾಕ್ಷಿಯಾಗಿ ನಿಲ್ಲೋದೂ ಡಾಕ್ಟರ್ ಗುಣವೇ” ಅಂತ ಇನ್ನು ಕೆಲವರು. ನಾನು ಎರಡನೇ ಗುಂಪು. ಆದ್ರೆ ಮೊದಲನೆಯವರ ಮಾತು ಕೇಳಿದ ಮೇಲೆ ಆ ನಡಿಗೆ ಇನ್ನೂ ಭಾರವಾಗಿ ಕಾಣ್ತು. ಒಳ್ಳೇ ಜಗಳದಿಂದ ಸಿಗೋದು ಇದು.

ಈಗ ಮೊದಲು ಹೇಳಿದ ಯೋಗ್ಯತೆ ವಿಷಯ. ವಿಟ್ಟೇಕರ್ ಬಂದಾಗ ಒಂದು ಕಂತೂ ನೋಡದೆ “ಡಾಕ್ಟರ್ ಹೆಂಗಸಾಗೋಕೆ ಸಾಧ್ಯವಿಲ್ಲ” ಅಂದವರು ಇದ್ರು. ಶೂಟಿ ಗಾಟ್ವಾ ಬಂದಾಗ ಅವರ ಬಣ್ಣದ ಮೇಲೆ ಮಾತಾಡಿದವರು ಇದ್ರು. ಅದು ಪಾತ್ರದ ಬಗ್ಗೆ ಜಗಳ ಅಲ್ಲ. ಹುಟ್ಟಿದಾಗಿಂದ ಮುಖ ಬದಲಾಯಿಸಿಕೊಂಡೇ ಬದುಕಿದ ಪಾತ್ರಕ್ಕೆ “ನಿನ್ನ ಮುಖ ಸರಿಯಿಲ್ಲ” ಅನ್ನೋದು ಕತೆಯನ್ನೇ ಕೇಳಿಸಿಕೊಳ್ಳದವರ ಮಾತು. ಅಂದಹಾಗೆ, ಈ ಮಾತಿನುದ್ದಕ್ಕೂ ನಾನು ಡಾಕ್ಟರ್‌ನ ‘ಅವರು’ ಅಂತಲೇ ಕರೆದಿದ್ದೀನಿ, ಗಮನಿಸಿದ್ರಾ? ಅವನಾ ಅವಳಾ ಅಂತ ಬೇರೆಯವರು ತಲೆ ಕೆಡಿಸಿಕೊಳ್ಳಲಿ. ನಮ್ಮ ಬಹುವಚನಕ್ಕೆ ಆ ತಾಪತ್ರಯ ಇಲ್ಲ.

ಹಾಗಾಗಿ ನನ್ನ ಅಳತೆಗೋಲು ಇಷ್ಟೇ. ಪಾತ್ರ ಏನು ಮಾಡ್ತು, ಯಾರನ್ನ ಉಳಿಸ್ತು, ಯಾರನ್ನ ಬಿಟ್ಟುಹೋಯಿತು ಅಂತ ಕೇಳೋ ಜಗಳ ಆ ಪಾತ್ರವನ್ನ ಕಾಯುತ್ತೆ. ಟೇಪ್ ರೆಕಾರ್ಡರ್ ಹಿಡಿದು ಕೂತ ಹುಡುಗನ ವಂಶದ್ದು ಅದು. ಪಾತ್ರ ಮಾಡಿದವರು ಯಾರು ಅಂತ ಮಾತ್ರ ನೋಡೋ ಜಗಳ ಏನನ್ನೂ ಉಳಿಸಲ್ಲ.

ನಿಮ್ಮ ಡಾಕ್ಟರ್ ಯಾರು ಅಂತ ನಾನು ಕೇಳಲ್ಲ, ಅದು ಗೊತ್ತಿರೋದೇ, ಮುಕ್ಕಾಲು ಪಾಲು ಜನ ಟೆನೆಂಟ್ ಅಂತೀರಿ. ಬೇರೆ ಕೇಳ್ತೀನಿ. ನಿಮಗೆ ಇಷ್ಟ ಇಲ್ಲದ ಡಾಕ್ಟರ್ ಮಾಡಿದ ಒಂದು ಒಳ್ಳೇ ಕೆಲಸ ಯಾವುದು? ಅದನ್ನ ಬರೆದು ಕಳಿಸಿ. ಜಗಳ ಅಲ್ಲಿಂದ ಶುರು ಮಾಡೋಣ.