ದಾನಕ್ಕೂ ಡ್ರಾಬ್ಯಾಕ್‌ಗೂ ವಜಾ ಇಲ್ಲ: ರಾಕ್‌ಫೆಲ್ಲರ್ ಲೆಕ್ಕ



ನಾನು ಚಾರ್ಟರ್ಡ್ ಅಕೌಂಟೆಂಟ್. ಅದಕ್ಕೇ ಇವತ್ತು ಲೆಕ್ಕದ ಗುಮಾಸ್ತನೊಬ್ಬನ ಕಥೆ ತಂದಿದ್ದೇನೆ. ಆತ ಜಾನ್ ಡಿ. ರಾಕ್‌ಫೆಲ್ಲರ್.

1855ರ ಸೆಪ್ಟೆಂಬರ್ 26ರಂದು, ಹದಿನಾರರ ವಯಸ್ಸಿನಲ್ಲಿ, ಆತನಿಗೆ ಕ್ಲೀವ್‌ಲ್ಯಾಂಡಿನ ಹೆವಿಟ್ ಅಂಡ್ ಟಟಲ್ ಎಂಬ ದಲ್ಲಾಳಿ ಮಂಡಿಯಲ್ಲಿ ಸಹಾಯಕ ಬುಕ್‌ಕೀಪರ್ ಕೆಲಸ ಸಿಕ್ಕಿತು. ಮೊದಲ ಮೂರು ತಿಂಗಳಿಗೆ ಸಿಕ್ಕಿದ್ದು 50 ಡಾಲರ್. ತನ್ನ ಖರ್ಚನ್ನೂ ದಾನವನ್ನೂ ‘ಲೆಡ್ಜರ್ ಎ’ ಎಂಬ ಪುಸ್ತಕದಲ್ಲಿ ಬರೆದಿಟ್ಟ. ಮುಂದೆ ಕೋಟ್ಯಧೀಶನಾದರೂ ಕೆಲಸ ಸಿಕ್ಕ ಆ ದಿನವನ್ನು ವರ್ಷವರ್ಷವೂ ಹಬ್ಬದಂತೆ ಆಚರಿಸಿದ. ಪರದೇಶದಲ್ಲಿ ಮೊದಲ ಸಂಬಳ ಪಡೆದ ನಮಗೆ ಈ ಸಂಭ್ರಮ ಅರ್ಥವಾಗುತ್ತದೆ.

1870ರಲ್ಲಿ 10 ಲಕ್ಷ ಡಾಲರ್ ಬಂಡವಾಳದೊಂದಿಗೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಹುಟ್ಟಿತು. ಅಲ್ಲಿ ಸೀಮೆಎಣ್ಣೆ ಡಬ್ಬ ಮುಚ್ಚಲು 40 ಹನಿ ಬೆಸುಗೆ ಹಾಕುತ್ತಿದ್ದರು. ರಾಕ್‌ಫೆಲ್ಲರ್ 38 ಹಾಕಿಸಿ ನೋಡಿದ, ಕೆಲವು ಸೋರಿದವು. 39 ಹಾಕಿಸಿದ, ಒಂದೂ ಸೋರಲಿಲ್ಲ. ಅಂದಿನಿಂದ 39 ಹನಿ. ಇಲ್ಲಿಯವರೆಗೆ ನಮ್ಮ ವೃತ್ತಿಯವರೆಲ್ಲ ಚಪ್ಪಾಳೆ ತಟ್ಟಬಹುದು.

1872ರಲ್ಲಿ ಆತನೂ ಸೇರಿದ್ದ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಕೂಟ ರೈಲ್ವೆಗಳೊಂದಿಗೆ ಗುಟ್ಟಿನ ಒಪ್ಪಂದ ಮಾಡಿಕೊಂಡಿತು. ತಮ್ಮ ಸರಕಿನ ಸಾಗಣೆಗೆ ರಿಯಾಯಿತಿ ಬೇಕು ಎಂದರು. ಅದು ದೊಡ್ಡ ಗಿರಾಕಿ ಯಾರಾದರೂ ಕೇಳುವಂಥದ್ದೇ. ಆದರೆ ಎದುರಾಳಿಗಳು ಕಟ್ಟುವ ಬಾಡಿಗೆಯಲ್ಲೂ ಒಂದು ಪಾಲು ಈ ಕೂಟಕ್ಕೇ ಬರಬೇಕಿತ್ತು! ಅದಕ್ಕೆ ಡ್ರಾಬ್ಯಾಕ್ ಎಂದು ಹೆಸರು. ಗುಟ್ಟು ಬಯಲಾಗಿ ಪೆನ್ಸಿಲ್ವೇನಿಯಾದ ಎಣ್ಣೆ ಸೀಮೆ ಸಿಡಿದೆದ್ದಿತು. ಒಪ್ಪಂದ ಜಾರಿಯಾಗುವ ಮೊದಲೇ ರದ್ದಾಯಿತು. ಅಷ್ಟರಲ್ಲಿ, ಕೆಲವೇ ವಾರಗಳಲ್ಲಿ, ಕ್ಲೀವ್‌ಲ್ಯಾಂಡಿನ 26 ಎಣ್ಣೆ ಸಂಸ್ಕರಣಾ ಘಟಕಗಳಲ್ಲಿ 22 ಸ್ಟ್ಯಾಂಡರ್ಡ್ ಆಯಿಲ್ ಪಾಲಾಗಿದ್ದವು.

ಎಣ್ಣೆ ಸೀಮೆಯ ಸಣ್ಣ ಉದ್ಯಮಿಯೊಬ್ಬರ ಮಗಳು ಐಡಾ ಟಾರ್ಬೆಲ್ 1902ರಿಂದ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಇದನ್ನೆಲ್ಲ ದಾಖಲೆ ಸಮೇತ ಬರೆದರು. 1911ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕಂಪನಿ 34 ಹೋಳಾಯಿತು. ಷೇರಿನ ಬೆಲೆ ಏರಿ ರಾಕ್‌ಫೆಲ್ಲರ್ ಇನ್ನೂ ಶ್ರೀಮಂತನಾದ.

ಆತ ಕೊಟ್ಟಿದ್ದೂ ಕಡಿಮೆಯಲ್ಲ. ಶಿಕಾಗೋ ವಿಶ್ವವಿದ್ಯಾಲಯ, 1913ರ ರಾಕ್‌ಫೆಲ್ಲರ್ ಫೌಂಡೇಶನ್, ಹೀಗೆ ಒಟ್ಟು 50 ಕೋಟಿ ಡಾಲರಿಗೂ ಹೆಚ್ಚು ದಾನ. ಹಾಗಾದರೆ ಹಳೆಯದು ಚುಕ್ತಾ ಆಯಿತೇ ಎಂದು ಜನ ಕೇಳುತ್ತಾರೆ. ಲೆಕ್ಕಶಾಸ್ತ್ರ ಇದಕ್ಕೆ ಒಪ್ಪುವುದಿಲ್ಲ. ಒಬ್ಬರಿಗೆ ಕೊಡಬೇಕಾದ ಸಾಲವನ್ನು ಇನ್ನೊಬ್ಬರಿಗೆ ಕೊಟ್ಟ ಹಣದಿಂದ ವಜಾ ಮಾಡುವಂತಿಲ್ಲ. ಎರಡನ್ನೂ ಪೂರ್ತಿಯಾಗಿ, ಬೇರೆ ಬೇರೆಯಾಗಿ ತೋರಿಸಬೇಕು. ರಾಕ್‌ಫೆಲ್ಲರನ ಬದುಕನ್ನೂ ನಾನು ಹಾಗೆಯೇ ಓದುತ್ತೇನೆ.

ನಮ್ಮಲ್ಲಿ ಅನೇಕರು ಬಿಲ್ಲಿಂಗ್, ಖರೀದಿ, ಪೇರೋಲ್ ವಿಭಾಗಗಳಲ್ಲಿದ್ದೇವೆ. ‘ಕಮಿಷನ್’, ‘ರಿಬೇಟ್’, ‘ಕಡಿತ’ ಎಂಬ ಸಾಲು ದಿನವೂ ಕಣ್ಣೆದುರು ಬರುತ್ತದೆ. ಮೊತ್ತ ತಾಳೆಯಾದರೆ ಸಾಲದು, ಅದು ಯಾರ ಜೇಬಿನಿಂದ ಬಂತು ಎಂದೂ ಕೇಳಬೇಕು. ವೀಸಾ ಕೆಲಸಕ್ಕೆ ಅಂಟಿಕೊಂಡಿರುವಾಗ ಹಾಗೆ ಕೇಳುವುದು ಸುಲಭವಲ್ಲ, ನನಗೆ ಗೊತ್ತು. ಆದ್ದರಿಂದ ಜಗಳವಾಡದೆ, ವಿನಯದಿಂದ, ಬರವಣಿಗೆಯಲ್ಲೇ ಕೇಳಿ. ಉತ್ತರವನ್ನು ಫೈಲಿನಲ್ಲಿಡಿ.