ದುರ್ಗವೂ ಮಿತ್ರನೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ದೇಶರಕ್ಷಣೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ಕನ್ನಡ ಪಂಡಿತನಿಗೆ ಸಂಧಿಯೆಂದರೆ ಲೋಪ, ಆಗಮ, ಆದೇಶಗಳು. ರಾಜ್ಯಗಳ ಸಂಧಿ ವಿಗ್ರಹಗಳ ಗೊಡವೆ ಏಕೆ ಎಂದು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಮಕ್ಕಳನ್ನು ಕೃಷ್ಣಗಿರಿಯ ಕೋಟೆಗೆ ಕರೆದೊಯ್ದಿದ್ದಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆಯೊಂದು ನನ್ನನ್ನು ಬಿಡದೆ ಕಾಡುತ್ತಿದೆ. "ಸಾರ್, ಶತ್ರುಗಳು ಈ ಕೋಟೆಯನ್ನು ಹತ್ತಲಾಗಲಿಲ್ಲ ಎನ್ನುತ್ತೀರಿ. ಹಾಗಾದರೆ ನಮ್ಮ ಸೀಮೆ ಮೈಸೂರಿನ ಕೈಬಿಟ್ಟು ಹೋದದ್ದು ಹೇಗೆ?"

ಹುಡುಗನ ಪ್ರಶ್ನೆ ಯುಕ್ತವಾದುದೇ. 1791ರ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನು ಕಂಪನಿಯ ಪಡೆಯೊಡನೆ ಕೃಷ್ಣಗಿರಿಯ ಮೇಲೆ ಬಿದ್ದನು. ಕೆಳಗಿನ ಪೇಟೆ ಅವನ ವಶವಾಯಿತು. ಮೇಲಿನ ದುರ್ಗ ವಶವಾಗಲಿಲ್ಲ. ಅವನು ಹಿಂದಿರುಗಬೇಕಾಯಿತು. ಆದರೆ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1792ರ ಮಾರ್ಚಿಯಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಬಾರಾಮಹಲು ಕಂಪನಿಯ ಪಾಲಾಯಿತು. ಅದರೊಡನೆ ಈ ಕೋಟೆಯೂ ಹೋಯಿತು. ಫಿರಂಗಿಗೆ ಬಗ್ಗದ ಬಂಡೆ ಒಂದು ಕಾಗದಕ್ಕೆ ಬಗ್ಗಿತು!

ಇದಕ್ಕೆ ಕಾರಣವೇನು? ನಮ್ಮ ಪ್ರಾಚೀನರು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾರೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಸುಲ್ತಾನನಿಗೆ ದುರ್ಗಗಳ ಕೊರತೆಯಿರಲಿಲ್ಲ. ಶೂರರಾದ ದಂಡಾಳುಗಳೂ ಇದ್ದರು. ಕೊರತೆಯಿದ್ದುದು ಏಳನೆಯ ಅಂಗದಲ್ಲಿ. ಅವನು ದೂರದ ಫ್ರಾನ್ಸಿಗೂ ತುರ್ಕಿಗೂ ರಾಯಭಾರಿಗಳನ್ನು ಕಳುಹಿಸಿದ್ದನು. ಆದರೆ ನೆರೆಯ ಮರಾಠರೂ ನಿಜಾಮನೂ ಕಂಪನಿಯ ಪಾಳೆಯದಲ್ಲಿ ನಿಂತಿದ್ದರು. ನೆರೆಯವರು ಒಂದಾಗಿ ಎದುರು ನಿಂತ ಮೇಲೆ ಬೆಟ್ಟದ ಮೇಲಿನ ಗೋಡೆ ಎಷ್ಟು ದಿನ ಕಾದೀತು?

ಹಾಗಾದರೆ ದುರ್ಗ ಬೇಡ, ಮೈತ್ರಿಯೊಂದೇ ಸಾಕೆನ್ನೋಣವೇ? ಇದಕ್ಕೂ ನಮ್ಮ ನೆಲದಲ್ಲಿಯೇ ಒಂದು ನಿದರ್ಶನವುಂಟು. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಚಕ್ರವರ್ತಿ ರಾಜಗೋಪಾಲಾಚಾರ್ಯರನ್ನು ಅರಿಯದವರು ಇಲ್ಲಿ ಯಾರಿದ್ದಾರೆ? 1962ರ ಸೆಪ್ಟೆಂಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ಯಾವ ಅಧಿಕಾರಪದವಿಯೂ ಇಲ್ಲದ ಆ ವೃದ್ಧರು ಗಾಂಧೀ ಶಾಂತಿ ಪ್ರತಿಷ್ಠಾನದ ಪರವಾಗಿ ಅಮೆರಿಕಕ್ಕೆ ಹೋದರು. ಜೊತೆಯಲ್ಲಿ ಹೋದ ಇಬ್ಬರೂ ಕನ್ನಡ ನಾಡಿನವರೆಂಬುದು ನಮಗೆ ಹೆಮ್ಮೆಯ ಸಂಗತಿ: ಒಬ್ಬರು ರಂಗನಾಥ ದಿವಾಕರರು, ಇನ್ನೊಬ್ಬರು ಮಂಗಳೂರಿನ ಬೆನಗಲ್ ಶಿವರಾಯರು. ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಿರೆಂದು ಅವರು ಅಧ್ಯಕ್ಷ ಕೆನೆಡಿಯವರಲ್ಲಿ ಬಿನ್ನವಿಸಿಕೊಂಡರು. ತಾನೊಂದೇ ಮುಂದಾಗಿ ನಿಲ್ಲಿಸಲು ಅಮೆರಿಕ ಒಪ್ಪಲಿಲ್ಲ.

ಅಕ್ಟೋಬರ್ 20ರಂದು ಚೀನಾ ನಮ್ಮ ಹಿಮಾಲಯದ ಗಡಿಯ ಮೇಲೆ ದಂಡೆತ್ತಿ ಬಂದಿತು. ಚಳಿಗೆ ತಕ್ಕ ಉಡುಪಿಲ್ಲದೆ, ಸಾಕಷ್ಟು ಮದ್ದುಗುಂಡುಗಳಿಲ್ಲದೆ ನಮ್ಮ ಯೋಧರು ಹೋರಾಡಿ ಮಡಿದರು. ಮೈತ್ರಿಯ ಮಾತನ್ನೇ ನೆಚ್ಚಿ ದುರ್ಗವನ್ನು ಮರೆತುದರ ಫಲವನ್ನು ದೇಶ ಉಂಡಿತು. ಶಾಂತಿಯನ್ನು ಬೇಡಿ ಬಂದಿದ್ದ ರಾಜಾಜಿಯವರೇ, ಅಲಿಪ್ತ ನೀತಿಯನ್ನು ಬಿಟ್ಟು ಪಾಶ್ಚಾತ್ಯ ರಾಷ್ಟ್ರಗಳ ಬಲವನ್ನು ಕೂಡಿಸಿಕೊಳ್ಳಬೇಕೆಂದು ವಾದಿಸಿದರು. ಅದನ್ನು ಒಪ್ಪದವರು ಅನೇಕರಿದ್ದರು. ಆದರೆ ಶಾಂತಿಪ್ರಿಯನೆಂದರೆ ಕೈಕಟ್ಟಿ ಕೂರುವವನಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅವರ ಯಾತ್ರೆ ವ್ಯರ್ಥವಾಯಿತೆನ್ನಲಾಗದು. 1963ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಒಪ್ಪಂದವಾಗಿ, ವಾಯುಮಂಡಲದಲ್ಲಿಯೂ ಅಂತರಿಕ್ಷದಲ್ಲಿಯೂ ನೀರಿನೊಳಗೂ ಅಣ್ವಸ್ತ್ರ ಪರೀಕ್ಷೆ ನಿಷಿದ್ಧವಾಯಿತು. ಒಬ್ಬರ ಮಾತಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಜಗತ್ತಿನಲ್ಲಿ ಅನೇಕರು ಎತ್ತಿದ ಧ್ವನಿಯಲ್ಲಿ ತೊರಪಳ್ಳಿಯ ಧ್ವನಿಯೂ ಒಂದಾಗಿತ್ತು.

ಅಂದಿನ ಪಾಠವನ್ನು ಭಾರತ ಮರೆಯಲಿಲ್ಲ. 1974ರಲ್ಲಿಯೂ 1998ರಲ್ಲಿಯೂ ಪೋಖರಣದಲ್ಲಿ ಅಣುಸ್ಫೋಟ ನಡೆಸಿತು. 1974ರ ಕಾರ್ಯದ ಮುಂದಾಳುಗಳಲ್ಲಿ ತುಮಕೂರಿನ ರಾಜಾ ರಾಮಣ್ಣನವರೂ ಒಬ್ಬರು. ಶಕ್ತಿ ಬಂದ ಮೇಲೆ ಸಂಯಮವನ್ನೂ ಸಾರಿತು: ಅಣ್ವಸ್ತ್ರವನ್ನು ತಾನು ಮೊದಲು ಪ್ರಯೋಗಿಸುವುದಿಲ್ಲವೆಂಬ ನೀತಿಯನ್ನು 2003ರಲ್ಲಿ ಪ್ರಕಟಿಸಿತು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ ಪಾಕಿಸ್ತಾನಗಳು 1988ರಲ್ಲಿ ಒಪ್ಪಿಕೊಂಡವು. 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತ ಬಂದಿದ್ದಾರೆ. 1999ರ ಕಾರ್ಗಿಲ್ ಯುದ್ಧವೂ ಆ ಪದ್ಧತಿಯನ್ನು ಮುರಿಯಲಿಲ್ಲ. ಹಗೆಗಳ ನಡುವೆಯೂ ಕೊಟ್ಟ ಮಾತು ನಡೆಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 2019ರ ಜನವರಿಯಲ್ಲಿ ಆರಂಭವಾದ ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ನಮ್ಮ ಹೊಸೂರೂ ಒಂದು. ನಾಳೆ ನಮ್ಮ ಮಕ್ಕಳು ದೇಶದ ಆಯುಧಗಳಿಗೆ ಬಿಡಿಭಾಗಗಳನ್ನು ಕಡೆಯಬಹುದು. ಕೆಲವರು ಸೇನೆಗೆ ಸೇರಿ ಆ ಆಯುಧಗಳನ್ನೇ ಹಿಡಿಯಬಹುದು. ಆದುದರಿಂದ ಇದು ದೆಹಲಿಯವರ ವಿಚಾರವೆಂದು ನಾವು ಸುಮ್ಮನಿರುವಂತಿಲ್ಲ. ಯುದ್ಧದ ವಾರ್ತೆ ಬಂದಾಗ ಚಪ್ಪಾಳೆ ತಟ್ಟುವುದು ಸುಲಭ. ಮಗನನ್ನು ಗಡಿಗೆ ಕಳುಹಿಸಿ ಅಂಚೆಯವನ ದಾರಿ ಕಾದ ತಾಯಿ ಚಪ್ಪಾಳೆ ತಟ್ಟುವುದಿಲ್ಲ. ಆಕೆಯ ಮಗನ ಕೈಗೆ ಒಳ್ಳೆಯ ಆಯುಧ ಕೊಡುವುದು ಹೇಗೆ ದೇಶದ ಧರ್ಮವೋ, ಮಾತಿನಿಂದ ತೀರುವ ಜಗಳಕ್ಕೆ ಅವನ ಪ್ರಾಣವನ್ನು ಒಡ್ಡದಿರುವುದೂ ಹಾಗೆಯೇ ಧರ್ಮ.

ಗಡಿಯವರಾದ ನಮಗೆ ಇದು ಹೊಸ ವಿದ್ಯೆಯಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ತೆಲುಗು. ನಮ್ಮ ನುಡಿಯನ್ನು ಬಿಡದೆ ನೆರೆಯವರ ನುಡಿಯನ್ನು ಗೌರವಿಸುತ್ತ ಬಾಳಿದ್ದೇವೆ. ತನ್ನತನವೇ ದುರ್ಗ, ನೆರೆಯವನೇ ಮಿತ್ರ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ಆದರೆ ಆ ಅಜ್ಜಿಯರೂ ರಾತ್ರಿ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿರಲಿಲ್ಲ!

ಕೋಟೆಯ ಮೇಲೆ ಪ್ರಶ್ನೆ ಕೇಳಿದ ಆ ಹುಡುಗ ಈ ಸಭೆಯಲ್ಲಿಯೇ ಇದ್ದಾನೆ. ಅವನಿಗೆ ನನ್ನ ಉತ್ತರವಿಷ್ಟೇ: ಮಗು, ಕೋಟೆಯನ್ನು ಕಟ್ಟು, ಅದರ ಬಾಗಿಲಲ್ಲಿ ನಿಂತು ನೆರೆಯವನನ್ನು ಮಾತನಾಡಿಸುವುದನ್ನೂ ಕಲಿ.