ಒಕ್ಕಲುತನದ ಸಾಧನಗಳಲ್ಲಿ ಸರಳತನ

ಉತ್ತರಿ ಮಳೆ ಹೊಯ್ದು ಎರೆ ಹೊಲ ತಣಿದು, ಮೇಲಿನ ಮಣ್ಣು ತುಸು ಆರಿ, ಕಾಲಿಗೆ ಅಂಟದಂತಾದಾಗ ಹಿಂಗಾರಿ ಜೋಳಕ್ಕೆ ಹದ ಬಂತು ಅಂತೀವಿ. ಈ ಹದ ಎಷ್ಟು ದಿನ ಇರತೈತಿ? ಬಿಸಿಲು ಬಿದ್ದರೆ ನಾಲ್ಕು ದಿನ, ಮೋಡ ಕಟ್ಟಿಕೊಂಡಿದ್ದರೆ ಇನ್ನೂ ಒಂದೆರಡು ದಿನ ಹೆಚ್ಚು. ಅಷ್ಟರೊಳಗೆ ಬೀಜ ಮಣ್ಣಿನ ತಂಪು ಮುಟ್ಟಬೇಕು. ಮುಟ್ಟಲಿಲ್ಲವೋ, ಮನೆಯ ರೊಟ್ಟಿಯ ಮಾತು, ದನದ ಕಣಿಕೆಯ ಮಾತು ಅಲ್ಲಿಗೇ ಮುಗಿಯಿತು. ಇಂಥ ದಿನ ಬಿತ್ತುವ ಸಾಧನ ಕೆಟ್ಟು ಹೊಲದ ನಡುವೆ ನಿಂತರೆ ಏನು ಗತಿ? ಆದ್ದರಿಂದ ಇವತ್ತು ಸಾಧನಗಳ ಸರಳತನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸರಳ ಅಂದ ಕೂಡಲೇ ಕೆಲವರಿಗೆ ಹಳೇದು ಅನ್ನಿಸುತ್ತದೆ, ಕೆಲವರಿಗೆ ಅಗ್ಗದ್ದು ಅನ್ನಿಸುತ್ತದೆ. ಈ ಎರಡನ್ನೂ ನಾನು ಒಪ್ಪುವವನಲ್ಲ. ಒಂದು ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದು ಅದನ್ನು ಹಿಡಿದವರ ಕಣ್ಣಿಗೆ ಕಾಣಬೇಕು. ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಕೂಡಲೇ ತಿಳಿಯಬೇಕು. ಊರಲ್ಲೇ, ಬಹಳವಾದರೆ ಹತ್ತಿರದ ಪೇಟೆಯಲ್ಲಿ, ದುರಸ್ತಿ ಆಗಬೇಕು. ಇಷ್ಟಿದ್ದರೆ ನನ್ನ ಲೆಕ್ಕದಲ್ಲಿ ಅದು ಸರಳ ಸಾಧನ. ನಿನ್ನೆ ಮಾಡಿದ್ದಾಗಿರಲಿ, ಅಜ್ಜನ ಕಾಲದ್ದಾಗಿರಲಿ.

ನಮ್ಮ ಕೂರಿಗೆಯನ್ನೇ ನೋಡ್ರಿ. ಜಾಲಿ ಕಟ್ಟಿಗೆಯ ಒಂದು ದಿಂಡು. ಅದಕ್ಕೆ ಬಡಿದು ಕೂಡಿಸಿದ ಎರಡೋ ಮೂರೋ ತಾಳು, ತಾಳಿನ ತುದಿಗೆ ಕಬ್ಬಿಣ. ತಾಳಿನ ತೂತಿನಿಂದ ಮೇಲಕ್ಕೆ ಬಿದಿರಿನ ಕೊಳವೆ. ಆ ಕೊಳವೆಗಳೆಲ್ಲ ಬಂದು ಕೂಡುವಲ್ಲಿ ಒಂದು ಕಟ್ಟಿಗೆಯ ಬಟ್ಟಲು. ಎಷ್ಟು ತಾಳೋ ಬಟ್ಟಲಿಗೆ ಅಷ್ಟೇ ತೂತು. ಇನ್ನು ಎಳೆಯಲಿಕ್ಕೆ ಈಸು, ಬಿಗಿಯಲಿಕ್ಕೆ ಹಗ್ಗ. ಇದರಲ್ಲಿ ಊರ ಬಡಿಗನಿಗೆ, ಕಮ್ಮಾರನಿಗೆ ತಿಳಿಯದ ತುಂಡು ಒಂದೂ ಇಲ್ಲ. ಕೊಳವೆ ಸೀಳಿದರೆ ಹೊಸ ಬಿದಿರು, ತಾಳು ಮುರಿದರೆ ಹೊಸ ತಾಳು. ಬೆಳಿಗ್ಗೆ ಮುರಿದ ಕೂರಿಗೆ ಬುತ್ತಿ ಉಣ್ಣುವ ಹೊತ್ತಿಗೆ ಮತ್ತೆ ಸಾಲು ಹಿಡಿಯುತ್ತಿತ್ತು.

ಇದು ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಮೇಲಿನ ಆರಿದ ಮಣ್ಣನ್ನು ಸೀಳಿ, ಕೆಳಗಿನ ತಂಪಿಗೆ ಮೂರು ಬೆರಳಿನಷ್ಟು ಆಳದಲ್ಲಿ ಬೀಜ ಇಡುತ್ತದೆ. ಬೀಜ ಚೆಲ್ಲಿ ಬಿತ್ತಿದರೆ ಅರ್ಧ ಮೇಲೆ ಉಳಿದು ಹಕ್ಕಿಯ ಪಾಲು, ಉಳಿದದ್ದರಲ್ಲಿ ಎಷ್ಟೋ ಒಣ ಮಣ್ಣಿನ ಪಾಲು. ಕೂರಿಗೆಯಲ್ಲಿ ಎಕರೆಗೆ ಮೂರು ಕಿಲೋ ಜೋಳ ಸಾಕು. ಇನ್ನೊಂದು ಗುಟ್ಟು ಸಾಲಿನಲ್ಲಿದೆ. ತಾಳಿನಿಂದ ತಾಳಿಗೆ ಅಂತರ ಒಂದೇ ಇರುವುದರಿಂದ ಬೆಳೆ ಎದ್ದ ಮೇಲೆ ನಡುವೆ ಎಡೆಕುಂಟೆ ಸಲೀಸಾಗಿ ಓಡುತ್ತದೆ. ಹಿಂಗಾರಿ ಜೋಳಕ್ಕೆ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಅಂತರ ಇಟ್ಟವರು ಅದೇ ಅಳತೆಗೆ ಕುಂಟೆಯ ಕುಡ ಮಾಡಿಸುತ್ತಾರೆ. ಎಡೆ ಹೊಡೆದಾಗ ಕಳೆಯೂ ಹೋಯಿತು, ಎರೆ ಮಣ್ಣಿನ ಬಿರುಕೂ ಮುಚ್ಚಿತು, ಒಳಗಿನ ತೇವ ಒಳಗೇ ಉಳಿಯಿತು. ಕೂರಿಗೆ, ಕುಂಟೆ, ಎಡೆಕುಂಟೆ ಮೂರೂ ಒಂದೇ ಅಳತೆಯ ಮನೆತನ.

ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬವನು 1701ರ ಸುಮಾರಿಗೆ ಸಾಲುಬಿತ್ತನೆಯ ಯಂತ್ರ ಮಾಡಿದ, ಅಲ್ಲಿ ಅದೊಂದು ದೊಡ್ಡ ಸಂಗತಿಯಾಯಿತು. ಮುಂದೆ ಕ್ಯಾಪ್ಟನ್ ಥಾಮಸ್ ಹ್ಯಾಲ್ಕಟ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಭಾರತದ ಒಂದು ಹೊಲದಲ್ಲಿ ಎತ್ತಿನ ಕೂರಿಗೆ ಬಿತ್ತುತ್ತಿರುವುದನ್ನು ಕಂಡು ಬೆರಗಾದ. ಇದು ಯುರೋಪಿನವರ ಹೊಸ ಶೋಧ ಅಂತ ತಾನು ತಿಳಿದಿದ್ದೆ, ಇಲ್ಲಿಯ ಒಕ್ಕಲಿಗರು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ ಎಂಬ ಅರ್ಥದಲ್ಲಿ ತನ್ನ ನಾಡಿಗೆ ಬರೆದು ಕಳಿಸಿದ. ಅದು 1797ರಲ್ಲಿ ಅಚ್ಚಾಯಿತು. ಧರ್ಮಪಾಲರು 1971ರಲ್ಲಿ ತಮ್ಮ ಪುಸ್ತಕದಲ್ಲಿ ಇಂಥ ಹಳೆಯ ಬರಹಗಳನ್ನೆಲ್ಲ ಕೂಡಿಸಿದಾಗ ಇದನ್ನೂ ಸೇರಿಸಿದರು. ನಮ್ಮ ಕೂರಿಗೆ ಕಂಡು ಹೊರಗಿನವ ಬೆರಗಾದ ಅಂತ ನಾವು ಉಬ್ಬಬೇಕಾಗಿಲ್ಲ. ಅವನು ಕಂಡದ್ದೇನು ಎಂಬುದನ್ನು ನಾವೂ ಒಮ್ಮೆ ನೆಟ್ಟಗೆ ನೋಡೋಣ ಅಂತ ಹೇಳಿದೆ.

ಈಗ ಬಟ್ಟಲಿನ ಮುಂದೆ ನಡೆಯುವವರ ಮಾತು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಮುಷ್ಟಿಯ ಸಂದಿನಿಂದ ಒಂದೇ ಸಮ ಬೀಜ ಬಿಡುತ್ತ ಹೋಗುತ್ತಾಳೆ. ಎತ್ತು ಚುರುಕಾಗಿ ನಡೆದರೆ ಕೈ ಸಡಿಲ, ನಿಧಾನಿಸಿದರೆ ಕೈ ಬಿಗಿ. ಕೊಳವೆಯಲ್ಲಿ ಮಣ್ಣು ಕಟ್ಟಿತೆನ್ನಿ, ಬೀಜ ಕೆಳಗೆ ಇಳಿಯದೆ ಬಟ್ಟಲಲ್ಲಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಆಕೆ, "ನಿಂದರಸ್ರಿ, ನಡುವಿನದು ಕಟ್ಟೈತಿ" ಅಂತಾಳೆ. ಕೂರಿಗೆ ಎತ್ತಿ ಕಡ್ಡಿಯಿಂದ ಚುಚ್ಚಿದರೆ ಆಯಿತು. ಕೂರಿಗೆಯ ದೊಡ್ಡ ಗುಣ ಇದೇ ಅಂತ ನಾನು ತಿಳಿದಿದ್ದೇನೆ. ತನ್ನ ತಪ್ಪನ್ನು ಅದು ಮುಚ್ಚಿಡುವುದಿಲ್ಲ. ಹಾಗೆಯೇ ಒಂದು ಮಾತು ಒಪ್ಪಿಕೊಳ್ಳಬೇಕು: ಸಾಧನ ಸರಳವಾಯಿತು, ಕಷ್ಟವೆಲ್ಲ ಆ ಕೈಗೆ ಬಂತು. ಕೂಲಿ ಕೊಡುವಾಗ ಮಾತ್ರ ನಾವು ಅದನ್ನು ಹಗುರ ಕೆಲಸ ಅಂತ ಲೆಕ್ಕ ಹಿಡಿದೆವು.

ಆ ಕೈಗಳು ಈಗ ಕಡಿಮೆಯಾಗಿವೆ, ಎತ್ತೂ ಕಡಿಮೆಯಾಗಿವೆ. ಟ್ರ್ಯಾಕ್ಟರ್ ಕೂರಿಗೆ ಬಂದಿದೆ, ಬರಲಿ, ಬೇಕು. ನಮ್ಮ ಹೊಲಕ್ಕೂ ಕೆಲವು ವರ್ಷದ ಹಿಂದೆ ಬಾಡಿಗೆಗೆ ತರಿಸಿದೆವು. ಅರ್ಧ ದಿನದಲ್ಲಿ ಬಿತ್ತಿ ಮುಗಿಯಿತು, ಎಲ್ಲರಿಗೂ ಸಂತೋಷ. ಎಂಟನೆಯ ದಿನ ಹೊಲಕ್ಕೆ ಹೋಗಿ ನೋಡಿದರೆ ಹೊಲದ ಉದ್ದಕ್ಕೂ ಪ್ರತಿ ಪಟ್ಟಿಯಲ್ಲಿ ಎರಡು ಸಾಲು ಬರಿದು! ಎರಡು ಕೊಳವೆ ಮಣ್ಣು ತುಂಬಿ ಕಟ್ಟಿದ್ದವು. ಮೇಲಿನ ಪೆಟ್ಟಿಗೆಯಲ್ಲಿ ಬೀಜ, ಮುಂದೆ ಡ್ರೈವರ್, ನಡುವೆ ಕಪ್ಪು ಕೊಳವೆ. ಯಾರಿಗೆ ಕಾಣಬೇಕು? ಮತ್ತೆ ಬಿತ್ತೋಣವೆಂದರೆ ತೇವ ಕೆಳಕ್ಕೆ ಇಳಿದಿತ್ತು. ಬರಿದಾದ ಸಾಲುಗಳನ್ನು ನೋಡುತ್ತಲೇ ಆ ವರ್ಷ ಕಳೆದೆವು.

ತಪ್ಪು ಟ್ರ್ಯಾಕ್ಟರಿನದ್ದಲ್ಲ. ಅದರ ಪೆಟ್ಟಿಗೆಯಲ್ಲಿ ತಿರುಗುವ ಹಲ್ಲಿನ ಉರುಳೆ ಬೀಜವನ್ನು ಮನುಷ್ಯರ ಕೈಗಿಂತ ಸಮನಾಗಿ ಬಿಡುತ್ತದೆ, ಅದನ್ನು ಒಪ್ಪಬೇಕು. ಆದರೆ ಬಟ್ಟಲು ಹೋದ ಕೂಡಲೇ ನೋಡುವ ಕಣ್ಣೂ ಹೋಯಿತು. ಆ ಕಣ್ಣನ್ನು ಮರಳಿ ತರಲಿಕ್ಕೆ ದೊಡ್ಡ ವಿದ್ಯೆ ಬೇಡ. ಬೀಜ ಇಳಿಯುವುದು ಕಾಣುವಂಥ ಬಿಳಿ ಪ್ಲಾಸ್ಟಿಕ್ ಕೊಳವೆ ಇರುವ ಕೂರಿಗೆಯನ್ನೇ ಕೇಳಿರಿ; ಇಲ್ಲದಿದ್ದರೆ ಕಪ್ಪು ಕೊಳವೆ ತೆಗೆಸಿ ಹಾಕಿಸಿಕೊಳ್ಳಿರಿ. ಟ್ರ್ಯಾಕ್ಟರ್ ನಿಂತಿರುವಾಗ ಕೂರಿಗೆ ನೆಲಕ್ಕೆ ಇಳಿಸಬಾರದು, ಇಳಿಸಿದ ಮೇಲೆ ಹಿಂದಕ್ಕೆ ಸರಿಸಲೂಬಾರದು. ತಾಳಿನ ಬಾಯಿಗೆ ಮಣ್ಣು ತುಂಬುವುದು ಬಹುಮಟ್ಟಿಗೆ ಆವಾಗಲೇ. ಮುಂದೆ ಚಲಿಸುತ್ತಿರುವಾಗ ಇಳಿಸಬೇಕು. ಮೊದಲಿನ ಎರಡು ಸುತ್ತು ಮನೆಯವರೊಬ್ಬರು ಹಿಂದೆ ನಡೆದು, ಪ್ರತಿ ಸಾಲನ್ನೂ ಬೆರಳಿನಿಂದ ಕೆದರಿ ಬೀಜ ಬಿದ್ದಿದೆಯೋ, ತಂಪಿನಲ್ಲಿ ಬಿದ್ದಿದೆಯೋ ನೋಡಬೇಕು. ಗಂಟೆಯ ಲೆಕ್ಕದ ಬಾಡಿಗೆಯಾದ್ದರಿಂದ ಡ್ರೈವರ್ ಗೊಣಗಬಹುದು. ಗೊಣಗಲಿ ಬಿಡ್ರಿ.

ಹೊಸದನ್ನು ಕಂಡು ಅಂಜುವುದೂ ನಮ್ಮಲ್ಲಿ ಹಳೆಯ ರೂಢಿಯೇ. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ಒಕ್ಕಲಿಗರು ಅದನ್ನು ಮುಟ್ಟಲಿಲ್ಲ. ಮೊದಲಿನ ನೇಗಿಲು ಮಾರಾಟವಾಗಲಿಕ್ಕೆ ಎರಡು ವರ್ಷ ಹಿಡಿಯಿತು! ಮುಂದೆ 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಮೇಲೆ ಅದೇ ನೇಗಿಲು ಊರೂರಿಗೆ ಹೋಯಿತು. ನಮ್ಮವರು ಅದನ್ನು ಒಪ್ಪಿದ್ದು ಭಾಷಣ ಕೇಳಿ ಅಲ್ಲ ಅಂತ ನನ್ನ ತಿಳುವಳಿಕೆ. ಹೊಲದಲ್ಲಿ ಓಡಿಸಿ ನೋಡಿದಾಗ ಮಣ್ಣು ಮಗುಚಿ ಬೀಳುವುದು ಕಣ್ಣಿಗೆ ಕಂಡಿತು. ಸವೆದ ಕುಳವೊಂದನ್ನೇ ಬಿಚ್ಚಿ ಬೇರೆ ಹಾಕಿದರೆ ನೇಗಿಲು ಮತ್ತೆ ಹೊಸದು. ಕಟ್ಟಿಗೆಯದ್ದಲ್ಲದಿದ್ದರೂ ಅದು ಸರಳವೇ ಆಗಿತ್ತು.

ಮಹಾಲಿಂಗಪುರದ ಪೇಟೆಗೆ ಬೆಲ್ಲ ತರುವವರ ಮುಂದೆ ಗಾಣದ ಮಾತು ಆಡದಿದ್ದರೆ ತಪ್ಪಾದೀತು. ಹಿಂದಿನ ಕಲ್ಲಿನ ಗಾಣಗಳಿಗೆ ಕಬ್ಬನ್ನು ತುಂಡು ತುಂಡು ಮಾಡಿ ಹಾಕಬೇಕಿತ್ತು. ಗಾಣವನ್ನು ಇಟ್ಟಲ್ಲಿಂದ ಅಲುಗಿಸುವಂತಿರಲಿಲ್ಲ. 1870ರ ದಶಕದಲ್ಲಿ ಬಿಹಾರದ ಬೆಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬಿಬ್ಬರು ಕಬ್ಬಿಣದ ಉರುಳೆಯ ಗಾಣ ಮಾಡಿ ರೈತರಿಗೆ ಬಾಡಿಗೆಗೆ ಕೊಟ್ಟರು. ಇಡೀ ಕಬ್ಬು ಹಾಕಬಹುದು, ಎತ್ತು ಕಟ್ಟಿ ತಿರುಗಿಸಬಹುದು, ಗಾಡಿಯಲ್ಲಿ ಹೇರಿ ಕಬ್ಬಿದ್ದ ಹೊಲಕ್ಕೇ ಒಯ್ಯಬಹುದು. ಒಳಗೆ ಅಡಗಿದ ವಿದ್ಯೆ ಏನೂ ಇರದಿದ್ದುದರಿಂದ ಬೇರೆಯವರೂ ನೋಡಿ ನೋಡಿ ಮಾಡತೊಡಗಿದರು. ಈಗ ನಮ್ಮಲ್ಲಿ ಎತ್ತಿನ ಜಾಗಕ್ಕೆ ಎಂಜಿನ್, ಮೋಟರ್ ಬಂದಿವೆ. ಆದರೂ ಕಬ್ಬು ಹಿಂಡುವುದು ಉರುಳೆಗಳ ನಡುವೆಯೇ. ಹಿಂಡಿ ಹೊರಬಂದ ಸಿಪ್ಪೆಯನ್ನು ಕೈಯಲ್ಲಿ ಹಿಚುಕಿ ನೋಡಿರಿ. ಇನ್ನೂ ಹಾಲು ಬಂದರೆ ಉರುಳೆಗಳ ಸಂದು ಹೆಚ್ಚಾಗಿದೆ, ಬಿಗಿ ಮಾಡಬೇಕು. ಸಿಪ್ಪೆ ಹಸಿಯಾಗಿ ಉಳಿದರೆ ಎರಡು ನಷ್ಟ: ಹಾಲೂ ಹೋಯಿತು, ಕೊಪ್ಪರಿಗೆಯ ಕೆಳಗೆ ಬೆಂಕಿಯೂ ಸರಿಯಾಗಿ ಹತ್ತುವುದಿಲ್ಲ.

ಬೆಂಕಿ ಅಂದಾಗ ತಾಯಂದಿರ ಒಲೆ ನೆನಪಾಯಿತು. ಮೂರು ಕಲ್ಲಿಟ್ಟು ಉರಿ ಹಚ್ಚುವುದಕ್ಕಿಂತ ಸರಳ ಯಾವುದಿದೆ? ಅದನ್ನು ನಾನು ಹೊಗಳುವುದಿಲ್ಲ. ಅದರ ಹೊಗೆ ಎಷ್ಟು ಜನರ ಕಣ್ಣು, ಎದೆ ಕೆಡಿಸಿತು! ಸಾಧನ ಸರಳವಿದ್ದು ಅದರ ದಂಡವನ್ನು ಮನೆಯ ಒಬ್ಬರೇ ತೆರುವುದಾದರೆ ಅಂಥ ಸರಳತನ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ವಿಭಾಗ ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ್ದೇ ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಕೆಳಗೆ ಕಬ್ಬಿಣದ ಜಾಲರಿ, ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೊರಗೆ ಹೋಗಲಿಕ್ಕೆ ಕೊಳವೆ. ಮಣ್ಣು ಇಟ್ಟಿಗೆಯಿಂದಲೇ ಕಟ್ಟಬಹುದು. ಆದರೆ ಅಳತೆ ತಪ್ಪಿದರೆ, ಕೊಳವೆಯ ಮಸಿ ತೆಗೆಯದಿದ್ದರೆ, ಅದೂ ಮನೆ ತುಂಬ ಹೊಗೆಯನ್ನೇ ಉಗುಳುತ್ತದೆ. ಗ್ಯಾಸು ಬಂದಿದ್ದರೂ ರೊಟ್ಟಿಗೆ, ನೀರು ಕಾಯಿಸಲಿಕ್ಕೆ ಕಟ್ಟಿಗೆ ಒಲೆ ಉಳಿಸಿಕೊಂಡ ಮನೆಗಳು ಬಹಳ. ಅಂಥವರು ತಿಂಗಳಿಗೊಮ್ಮೆಯಾದರೂ ಹೊಗೆಕೊಳವೆ ಬಡಿದು ಮಸಿ ಉದುರಿಸಿರಿ. ಈ ಕೆಲಸ ಗಂಡಸರೂ ಮಾಡಬಹುದು, ಮೈಲಿಗೆ ಏನಿಲ್ಲ.

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಬೇಕೇ ಬೇಡವೇ ಅಂತ ಹಲವರು ಕೇಳುತ್ತಾರೆ. ನಡುರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಕಬ್ಬಿನ ತೋಟದಲ್ಲಿ ಹಾವಿನ ಅಂಜಿಕೆಯಲ್ಲಿ ನಡೆದು ಹೋಗುವುದು ತಪ್ಪುವುದಾದರೆ ಖಂಡಿತ ಹಾಕಿಸಿರಿ. ಅದರ ಒಳಗಿನ ಕಾರ್ಡು ಕೆಟ್ಟರೆ ನಿಮ್ಮಿಂದಲೂ ನನ್ನಿಂದಲೂ ದುರಸ್ತಿ ಆಗುವುದಿಲ್ಲ. ಆದ್ದರಿಂದ ಹಳೆಯ ಕೈ ಸ್ಟಾರ್ಟರ್ ಬಿಚ್ಚಿಸಬೇಡಿರಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಲಿ, ಒಂದು ಕೆಟ್ಟ ದಿನ ಇನ್ನೊಂದರಿಂದ ನೀರು ಹರಿಯುವಂತೆ ಎಲೆಕ್ಟ್ರಿಷಿಯನ್ನನಿಗೆ ಮೊದಲೇ ಹೇಳಿರಿ.

ಸಾಲ ಮಾಡಿ ಯಂತ್ರ ಕೊಳ್ಳಲು ಹೊರಟವರಿಗೆ ಒಂದು ಮಾತು. ಅಂಗಡಿಯಲ್ಲಿ ಅದು ಹೊಳೆಯುವುದನ್ನು ನೋಡಿ ಮುಂಗಡ ಕೊಡಬೇಡಿರಿ. ನಿಮ್ಮ ಎದುರಿಗೇ ಒಮ್ಮೆ ಬಿಚ್ಚಿಸಿ ತೋರಿಸಲು ಹೇಳಿರಿ. ಬೇಗ ಸವೆಯುವ ಭಾಗ ಯಾವುದು, ಅದು ಮಹಾಲಿಂಗಪುರದಲ್ಲಿ, ಇಲ್ಲವೇ ಮುಧೋಳ, ಜಮಖಂಡಿಯಲ್ಲಿ ಸಿಗುತ್ತದೆಯೋ ಅಂತ ಕೇಳಿರಿ. ಹುಬ್ಬಳ್ಳಿಯಿಂದ ತರಿಸಿಕೊಡುತ್ತೇವೆ ಅಂದರೆ ಎಷ್ಟು ದಿನ ಅಂತ ಕೇಳಿ, ಹದದ ನಾಲ್ಕು ದಿನದ ಪಕ್ಕಕ್ಕೆ ಆ ಲೆಕ್ಕ ಇಟ್ಟು ನೋಡಿರಿ. ಅದೇ ಯಂತ್ರ ಕೊಂಡು ಎರಡು ಹಂಗಾಮು ಓಡಿಸಿದವರ ಮನೆಗೂ ಹೋಗಿ ಬನ್ನಿರಿ. ಅವರಿಗೆ ಮಾರುವ ಆಸೆ ಇರುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.

ಇನ್ನು ಎತ್ತಿನ ಕೂರಿಗೆ ಇಟ್ಟುಕೊಂಡವರು ಉತ್ತರಿ ಮಳೆಗೆ ಮೊದಲೇ ಅದನ್ನು ಅಟ್ಟದಿಂದ ಇಳಿಸಿರಿ. ಬೇಸಿಗೆಯಲ್ಲಿ ಕುಂಬಾರ ಹುಳ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಸಣ್ಣ ಕಡ್ಡಿ ಹಾಕಿ ಪ್ರತಿಯೊಂದು ಕೊಳವೆಯನ್ನೂ ಚೊಕ್ಕಟ ಮಾಡಿ, ಬಟ್ಟಲಿಗೆ ಒಂದು ಹಿಡಿ ಜೋಳ ಸುರಿದು, ಎಲ್ಲ ತಾಳುಗಳಿಂದಲೂ ಕಾಳು ನೆಲಕ್ಕೆ ಉದುರುತ್ತದೋ ಅಂಗಳದಲ್ಲೇ ನೋಡಿಕೊಳ್ಳಿರಿ.